ಈಶಾನ್ಯದ ಗೋಡೆ

ಮನೆ ಕೊಳ್ಳುವವನಿಗೆ ಮೂಗು ಚುರುಕಾಗಿರಬೇಕು, ಸಂಕೋಚ ಇರಬಾರದು. ಎರಡು ಅರ್ಹತೆಯೂ ನನಗಿದೆ ಎಂದುಕೊಂಡಿದ್ದೆ. ಪೀಣ್ಯದಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರ ಉಗ್ರಾಣವನ್ನು ಮೂವತ್ತು ವರ್ಷ ನೋಡಿಕೊಂಡವನು ನಾನು. ಬಂದ ಸಾಮಾನನ್ನೆಲ್ಲ ಬಿಚ್ಚಿಸಿ, ಬುಡಮೇಲು ಮಾಡಿ ನೋಡಿದ ಮೇಲೇ ಸಹಿ ಹಾಕುತ್ತಿದ್ದೆ. ಬೆನ್ನ ಹಿಂದೆ ನನ್ನನ್ನು ಅನುಮಾನದ ಶೇಷಗಿರಿ ಎನ್ನುತ್ತಿದ್ದರು. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ನನ್ನ ಕೋಪವೂ ಅಷ್ಟೇ ಹೆಸರುವಾಸಿಯಾಗಿತ್ತು.

ಅರವತ್ತಾರರ ವಯಸ್ಸಿನಲ್ಲಿ ಮನೆ ಕೊಳ್ಳಲು ಹೊರಟಿದ್ದು ಆಸೆಯಿಂದಲ್ಲ, ನನ್ನ ಹೆಂಡತಿ ಕೌಸಲ್ಯಾಳ ಉಸಿರಿಗಾಗಿ. ಟಿ. ದಾಸರಹಳ್ಳಿಯಲ್ಲಿ ನಾವು ಹನ್ನೊಂದು ವರ್ಷದಿಂದ ಬಾಡಿಗೆಗಿದ್ದ ಮನೆ ಕೆಳ ಅಂತಸ್ತಿನಲ್ಲಿತ್ತು, ಮೂರು ಕಡೆಯೂ ಬೇರೆ ಕಟ್ಟಡಗಳು ಅಂಟಿಕೊಂಡಿದ್ದವು. ಅಡುಗೆಮನೆಯ ಗೋಡೆ, ಮಲಗುವ ಕೋಣೆಯ ಮೂಲೆ, ಬೀರುವಿನ ಹಿಂಭಾಗ, ಎಲ್ಲಿ ನೋಡಿದರೂ ಬೂಷ್ಟು. ವರ್ಷಕ್ಕೊಮ್ಮೆ ಉಜ್ಜಿಸಿ ಬಣ್ಣ ಹೊಡೆಸುತ್ತಿದ್ದೆವು, ಮಳೆಗಾಲ ಬಂದರೆ ಅದು ಮತ್ತೆ ಹಾಜರಾಗುತ್ತಿತ್ತು. ಅವಳಿಗೆ ಒಣಕೆಮ್ಮು ಶುರುವಾದಾಗ ಧೂಳು ಎಂದೆವು. ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ವಯಸ್ಸು ಎಂದೆವು. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಮಾಡಿಸಿದ ಮೇಲೆ ಡಾಕ್ಟರಮ್ಮ ಬೇರೆಯೇ ಹೇಳಿದರು.

"ಇವರ ಶ್ವಾಸಕೋಶಕ್ಕೆ ಬೂಷ್ಟು ಆಗಿಬರ್ತಿಲ್ಲ. ಆಗಲೇ ಕೆಳಗಿನ ಭಾಗ ಗಟ್ಟಿಯಾಗಿದೆ, ಅದು ಇನ್ನು ಮೊದಲಿನಂತಾಗಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳಿ. ಮೊದಲು ಆ ಮನೆ ಬಿಡಿ, ಮಾತ್ರೆ ಆಮೇಲೆ. ಇನ್ನೊಂದ್ ಸಲ ಜೋರಾಗಿ ಬಂದ್ರೆ ಮನೇಲೇ ಆಕ್ಸಿಜನ್ ಇಟ್ಕೊಂಡು ಬದುಕ್ಬೇಕಾಗುತ್ತೆ."

ಬಾಡಿಗೆ ಮನೆಯ ಬೀರು ಸರಿಸಿ, ಗೋಡೆ ತಟ್ಟಿ ನೋಡಲು ಯಾವ ಮಾಲೀಕನೂ ಬಿಡುವುದಿಲ್ಲ. ಕೊಳ್ಳುವವನಿಗೆ ಬಿಡಲೇಬೇಕು. ಆ ಲೆಕ್ಕದ ಮೇಲೆ, ಊರಲ್ಲಿದ್ದ ನಿವೇಶನ ಮಾರಿ, ಸಣ್ಣದಾದರೂ ಒಣಗಿದ ಮನೆಯೊಂದನ್ನು ಕೊಳ್ಳೋಣವೆಂದು ನಿರ್ಧರಿಸಿದೆ. ಹಾಸನದಲ್ಲಿರುವ ಮಗಳು ಶುಭಾಳೂ ಅದನ್ನೇ ಹೇಳಿದಳು.

ಜೊತೆಗೆ ಜಿಯಾವುಲ್ಲಾನನ್ನು ಕರೆದುಕೊಂಡೆ. ಜಿಯಾ ಪೇಂಟರ್. ನಮ್ಮ ಬಾಡಿಗೆ ಮನೆಗೆ ವರ್ಷ ವರ್ಷ ಬಂದು, ಹೊಡೆಯುವ ಬಣ್ಣವೆಲ್ಲ ದಂಡ ಎಂದು ನನಗೆ ನೇರವಾಗಿ ಹೇಳುತ್ತಿದ್ದ ಏಕೈಕ ಮನುಷ್ಯ. ಅವನು ಮುಂಗೈಯನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಒಂದು ಕ್ಷಣ ನಿಲ್ಲುತ್ತಿದ್ದ. ಆಮೇಲೆ ನಾಣ್ಯದಿಂದ ಕುಟ್ಟುತ್ತಿದ್ದ. ಕೊನೆಗೆ ಮೂಗು. ಅವನ ಮೂಗಿನ ಮೇಲೆ ನನಗೆ ನನ್ನ ಮೂಗಿಗಿಂತ ನಂಬಿಕೆ ಇತ್ತು.

ಮನೆ ತೋರಿಸುತ್ತಿದ್ದವನು ಜಕ್ಕೂರಿನ ದಲ್ಲಾಳಿ ಮುನಿಆಂಜಿನಪ್ಪ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹತ್ತೊಂಬತ್ತು ಮನೆ ತೋರಿಸಿದ. ಚಿಕ್ಕಜಾಲದಲ್ಲಿ ಒಂದು ಮನೆಯ ಬಾಗಿಲು ತೆಗೆದಕೂಡಲೇ ಹೊಸ ಬಣ್ಣದ ವಾಸನೆ ಮುಖಕ್ಕೆ ಹೊಡೆಯಿತು. ಜಿಯಾ ಗೋಡೆಗೆ ಮುಂಗೈ ಇಟ್ಟು, "ಬಣ್ಣ ಹೊಡ್ದು ಮೂರ್ ದಿನ ಆಗಿದೆ ಸಾರ್. ಒಂದ್ ಮಳೆ ಬಂದ್ರೆ ಗುಳ್ಳೆ ಎದ್ದು ಕೂತ್ಕೊಳತ್ತೆ" ಎಂದ. ನಾನು ಆ ಮನೆಯವನಿಗೆ ಬಾಯಿಗೆ ಬಂದಂತೆ ಅಂದುಬಿಟ್ಟೆ. ಅವನೂ ಸುಮ್ಮನಿರಲಿಲ್ಲ. ಕೌಸಲ್ಯಾ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು.

"ಸಾ, ಗ್ವಾಡೆ ಮೂಸೋರ್ನ ನಾನು ನಿಮ್ಮನ್ನೇ ಮೊದ್ಲು ಕಂಡಿದ್ದು," ಎಂದ ಮುನಿಆಂಜಿನಪ್ಪ, ಬೈಕಿನ ಮೇಲೆ ಕೂತುಕೊಂಡು. "ಎಲ್ರೂ ನೀರು ಬತ್ತದಾ, ಖಾತಾ ಐತಾ ಅಂತಾರೆ. ನೀವು ಇಂಗೆ ಮನೆಯೋರ್ ಮೇಲೇ ಓದ್ರೆ ನಾನು ಯಾವ್ ಮುಖ ಇಟ್ಕೊಂಡು ವ್ಯಾಪಾರ ಮಾಡ್ಲಿ ಏಳಿ?"

ಹಾಗೆ ಬೈದುಕೊಂಡೇ ಅವನು ನಮ್ಮನ್ನು ಮುರಿಗೆಪ್ಪ ಮೇಷ್ಟ್ರ ಮನೆಗೆ ಕರೆದುಕೊಂಡು ಹೋದ.

ಆ ಮನೆ ಜಕ್ಕೂರಿನ ಹಳೆಯ ಊರಿನ ಅಂಚಿನಲ್ಲಿತ್ತು. ಎದುರಿಗೆ ದೊಡ್ಡ ಅಪಾರ್ಟ್‌ಮೆಂಟ್ ಎದ್ದಿದ್ದರೂ ಮನೆಯ ಸುತ್ತ ಓಡಾಡುವಷ್ಟು ಜಾಗವಿತ್ತು, ಕಿಟಕಿಗಳೆಲ್ಲ ತೆರೆದಿದ್ದವು. ಗೋಡೆಗಳಿಗೆ ಬಣ್ಣ ಹೊಡೆದು ಹತ್ತು ವರ್ಷವಾದರೂ ಆಗಿರಬೇಕು. ಅದನ್ನು ಕಂಡೇ ನನಗೆ ಅರ್ಧ ಸಮಾಧಾನವಾಯಿತು. ಮೇಷ್ಟ್ರಿಗೆ ಎಪ್ಪತ್ತನಾಲ್ಕು ವರ್ಷ. ದಾವಣಗೆರೆ ಕಡೆಯವರು, ಯಲಹಂಕದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡಿದ್ದರಿಂದ ದಾವಣಗೆರೆಯಲ್ಲಿದ್ದ ಮಗಳ ಮನೆಗೆ ಹೊರಟಿದ್ದರು.

"ನೋಡ್ರಿ, ಮೊದ್ಲೇ ಹೇಳಿಬಿಡ್ತೀನಿ," ಎಂದರು ಅವರು, ನಾವು ಕೂರುವ ಮೊದಲೇ. "ಸ್ಟೋರ್ ರೂಮಿನ ತಾರಸಿ ಸೋರ್ತಿತ್ತು, ರಿಪೇರಿ ಮಾಡಿಸಿದ್ಮೇಲೆ ನಿಂತದೆ. ಹಿಂದಿನ ಬಚ್ಚಲಿನ ನಲ್ಲಿ ತೊಟ್ಟಿಕ್ಕತ್ತೆ. ಮಹಡಿ ಮೆಟ್ಟಿಲಿನ ಕಬ್ಬಿಣ ತುಕ್ಕು ಹಿಡಿದದೆ. ಆಮೇಲೆ ಹೇಳ್ಲಿಲ್ಲ ಅನ್ನಬಾರದು."

ನಾನು ಕೌಸಲ್ಯಾಳ ಕಾಯಿಲೆಯ ವಿಷಯ ಪೂರ್ತಿ ಹೇಳಿದೆ. ಅವರು ಗಮನವಿಟ್ಟು ಕೇಳಿ, "ಎಲ್ಲಾ ಕಡೆ ನೋಡ್ಕೊಳ್ರಿ. ಬೀರು ಸರಿಸಿ, ಮಂಚ ಎಳೀರಿ, ನಾನೇನೂ ಅನ್ಕೊಳ್ಳಲ್ಲ" ಎಂದರು. ಜಿಯಾ ಒಂದೂವರೆ ಗಂಟೆ ಹಿಡಿದ. ಬೀರು ಸರಿಸಿದ, ಸಿಂಕಿನ ಕೆಳಗೆ ಮಲಗಿ ನೋಡಿದ, ಸ್ಟೂಲು ಹತ್ತಿ ತಾರಸಿಗೆ ಟಾರ್ಚು ಬಿಟ್ಟ. ಪ್ರತಿ ಸಲವೂ ನನ್ನ ಕಡೆ ತಿರುಗಿ ತಲೆಯಾಡಿಸುತ್ತಿದ್ದ, ಒಣಗಿದೆ ಎಂದು. ಕೌಸಲ್ಯಾ ಹಾಲ್‌ನ ನಡುವೆ ನಿಂತು ಉಸಿರೆಳೆದುಕೊಂಡಳು. ಅವಳು ಕೆಮ್ಮದೆ ಪೂರ್ತಿ ಉಸಿರೆಳೆದುಕೊಂಡಿದ್ದನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ.

"ಸಲೀಸಾಗಿ ಹೋಗ್ತಿದೆ ಕಣ್ರೀ," ಎಂದಳು. ನನ್ನ ಹೊಟ್ಟೆ ತಣ್ಣಗಾಯಿತು.

ಉಳಿದದ್ದು ದೇವರ ಮನೆ. ಮನೆಯ ಈಶಾನ್ಯ ಮೂಲೆಯಲ್ಲಿ, ಕಿಟಕಿಯಿಲ್ಲದ ಸಣ್ಣ ಕೋಣೆ. ಅದರ ಹೊರಗೋಡೆಗೆ ಒತ್ತಿಕೊಂಡಂತೆ ನೆಲದೊಳಗೆ ನೀರಿನ ಸಂಪು. "ಎಲ್ಲಾ ವಾಸ್ತು ಪ್ರಕಾರ. ನೀರೂ ಈಶಾನ್ಯಕ್ಕೆ, ದೇವರೂ ಈಶಾನ್ಯಕ್ಕೆ. ನಮ್ಮ ಮಾವನವರೇ ನಿಂತು ಅಳತೆ ಹಾಕಿಸಿದ್ದು," ಎಂದರು ಮೇಷ್ಟ್ರು. ನಾನು ಬಹಳ ಸರಿ ಎಂದು ತಲೆದೂಗಿದೆ. ಒಳಗೆ ಆಳೆತ್ತರದ ತೇಗದ ಮಂಟಪ, ಗೋಡೆಗೆ ತಾಗಿಸಿ ಸ್ಕ್ರೂ ಹೊಡೆದು ನಿಲ್ಲಿಸಿದ್ದು. ಮನೆದೇವರು ವೀರಭದ್ರಸ್ವಾಮಿಯ ಪಟ, ಮಠದ ಗುರುಗಳ ಪಟ, ಉರಿಯುತ್ತಿದ್ದ ದೀಪ, ಊದುಬತ್ತಿ ವಿಭೂತಿಗಳ ವಾಸನೆ. ನಾನೂ ಕೌಸಲ್ಯಾಳೂ ಕೈಮುಗಿದೆವು.

ಜಿಯಾ ಹೊಸ್ತಿಲ ಆಚೆಯೇ ನಿಂತಿದ್ದ. ಮೂಗನ್ನು ಸ್ವಲ್ಪ ಮೇಲೆತ್ತಿದ. ಮೇಷ್ಟ್ರು ನೀರು ತರಲು ಅಡುಗೆಮನೆಗೆ ಹೋದಾಗ ನನ್ನ ಕಿವಿಯ ಹತ್ತಿರ ಬಂದ.

"ಸಾರ್, ಆ ಮಂಟಪದ ಹಿಂದೆ ಒಂದ್ಸಲ ಟಾರ್ಚ್ ಬಿಡ್ಬೇಕಿತ್ತು. ಕೇಳ್ಲಾ?"

"ಬೇಡ ಕಣಪ್ಪ. ಇನ್ನೊಬ್ಬರ ದೇವರ ಮನೆ. ದೀಪ ಉರೀತಿದೆ. ಹಿಂದೆ ಮುಂದೆ ಕೆದಕೋಕಾಗುತ್ತಾ?"

"ನಿಮ್ಮಿಷ್ಟ ಸಾರ್," ಎಂದು ಅವನು ಹಿಂದಕ್ಕೆ ಸರಿದ.

ಅಪರಿಚಿತರ ಮಂಚದ ಕೆಳಗೆ ತಲೆ ತೂರಿಸಿದವನು ನಾನು. ಅವರ ಬಚ್ಚಲಿನ ಮೋರಿಗೆ ಕೈ ಹಾಕಿಸಿದವನು. ದೇವರ ಮುಂದೆ ಮಾತ್ರ ದೊಡ್ಡ ಸಂಭಾವಿತನಾಗಿಬಿಟ್ಟೆ. ಇನ್ನೊಂದು ಮಾತೂ ಇದೆ, ಹೇಳಿಬಿಡುತ್ತೇನೆ. ಜಿಯಾವುಲ್ಲಾ ಎಂಬ ಹೆಸರಿನವನನ್ನು ಒಳಗೆ ಬಿಡಲು ಮೇಷ್ಟ್ರು ಒಪ್ಪುತ್ತಾರೋ ಇಲ್ಲವೋ ಎಂಬುದನ್ನು ಅವರನ್ನು ಕೇಳದೆ, ಅವರ ಪರವಾಗಿ ನಾನೇ ತೀರ್ಮಾನಿಸಿದೆ. ಜಿಯಾನಿಗೂ ಅದು ಅರ್ಥವಾಗಿತ್ತು. ಇಷ್ಟು ವರ್ಷದ ಪರಿಚಯದಲ್ಲಿ ಅವನು ಅದನ್ನು ಎತ್ತಿ ಆಡಿದವನಲ್ಲ.

ಮೇ ತಿಂಗಳ ಕೊನೆಯಲ್ಲಿ ನೋಂದಣಿಯಾಯಿತು. ಮೇಷ್ಟ್ರು ಒಂದೇ ಒಂದು ಕೋರಿಕೆ ಇಟ್ಟರು. ಆಷಾಢ ಮುಗಿಯುವವರೆಗೆ ತಾವು ಇಲ್ಲೇ ಇರಬೇಕು, ದೇವರು ಎಲ್ಲಕ್ಕಿಂತ ಕೊನೆಗೆ ಹೊರಡಬೇಕು. ನಮಗೂ ಆಷಾಢದಲ್ಲಿ ಗೃಹಪ್ರವೇಶವಿಲ್ಲವಲ್ಲ, ಸಂತೋಷದಿಂದ ಒಪ್ಪಿದೆವು. ಆ ಎರಡು ತಿಂಗಳು ಮಳೆ ಚೆನ್ನಾಗಿ ಹಿಡಿಯಿತು. ದಾಸರಹಳ್ಳಿಯ ಮನೆಯಲ್ಲಿ ಕೌಸಲ್ಯಾ ರಾತ್ರಿಯೆಲ್ಲ ಗೋಡೆಗೆ ದಿಂಬು ಒರಗಿಸಿಕೊಂಡು ಕೂರುತ್ತಿದ್ದಳು. "ಇನ್ನು ಇಪ್ಪತ್ತು ದಿನ, ಇನ್ನು ಹದಿನೈದು ದಿನ," ಎಂದು ಎಣಿಸುತ್ತಿದ್ದಳು. ಆಗಾಗ ಮೇಷ್ಟ್ರಿಗೆ ಫೋನು ಮಾಡಿ ಊಟವಾಯಿತೇ ಎಂದು ವಿಚಾರಿಸುತ್ತಿದ್ದಳು. ಅವರಿಬ್ಬರಿಗೂ ಏನು ಮಾತಿತ್ತೋ, ಅರ್ಧ ಅರ್ಧ ಗಂಟೆ ಮಾತಾಡುತ್ತಿದ್ದರು. ಮೇಷ್ಟ್ರ ಹೆಂಡತಿಯ ಹೆಸರು ನೀಲಾಂಬಿಕೆ, ಆಕೆಗೆ ಕನಕಾಂಬರವೆಂದರೆ ಪ್ರಾಣ, ಇಂಥದ್ದೆಲ್ಲ ನನಗೆ ತಿಳಿದದ್ದು ಕೌಸಲ್ಯಾಳಿಂದ.

ಶ್ರಾವಣದ ಮೊದಲ ಗುರುವಾರ ಬೆಳಿಗ್ಗೆ ಮನೆ ಬಿಟ್ಟುಕೊಡುವುದೆಂದು ಗೊತ್ತಾಯಿತು. ಕೌಸಲ್ಯಾ ಮೇಷ್ಟ್ರ ದಾರಿಗೆಂದು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬಂದಿದ್ದಳು. ಸಾಮಾನೆಲ್ಲ ಟೆಂಪೋಗೆ ಹೋಗಿತ್ತು. ಮೇಷ್ಟ್ರ ಅಳಿಯ ಕಳಿಸಿದ್ದ ಕಾರು ಗೇಟಿನ ಮುಂದೆ ನಿಂತಿತ್ತು. ಮೇಷ್ಟ್ರು ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ದೇವರುಗಳನ್ನು ಒಂದೊಂದಾಗಿ ಹೊಸ ಬಿಳಿಪಂಚೆಯಲ್ಲಿ ಸುತ್ತಿ ಬಿದಿರಿನ ಬುಟ್ಟಿಯಲ್ಲಿಟ್ಟರು. ಬುಟ್ಟಿಯನ್ನು ತಾವೇ ಒಯ್ದು ಕಾರಿನ ಸೀಟಿನ ಮೇಲಿಟ್ಟು ಬಂದರು.

"ಇನ್ನು ಇದು ಬರೀ ಮರ," ಎಂದರು ಮಂಟಪ ತೋರಿಸಿ. "ಜಿಯಾವುಲ್ಲಾ, ನಿಮ್ಮ ಕೈ ಹದವಾಗಿ ಅದೆ, ನೀವೇ ಬಿಚ್ಚಿಕೊಡಿ. ಮಗಳು ಬೇಕು ಅಂತಾಳೆ."

ಜಿಯಾ ಮೊದಲ ಸಲ ಆ ಕೋಣೆಯೊಳಕ್ಕೆ ಹೋದ. ನಾಲ್ಕು ಸ್ಕ್ರೂ ಬಂದವು, ಎರಡು ತುಕ್ಕು ಹಿಡಿದು ಮುರಿದವು. ಅವನೂ ಟೆಂಪೋದ ಇಬ್ಬರೂ ಸೇರಿ ಮಂಟಪವನ್ನು ಮುಂದಕ್ಕೆಳೆದರು.

ಮೊದಲು ಬಂದದ್ದು ವಾಸನೆ. ವರ್ಷಗಟ್ಟಲೆ ಮುಚ್ಚಿಟ್ಟ ಒದ್ದೆ ಗೋಣಿಚೀಲದ ಮುಗ್ಗಲು ವಾಸನೆ. ಆಮೇಲೆ ಗೋಡೆ ಕಂಡಿತು. ನೆಲದಿಂದ ನನ್ನ ಎದೆಮಟ್ಟದವರೆಗೆ ಕಪ್ಪು, ಅದರ ಅಂಚಿಗೆ ಹಸಿರು, ಅದರ ಮೇಲೆ ಬಿಳಿಯ ಜುಂಗು. ಮಂಟಪದ ಹಿಂದಿನ ಹಲಗೆ ಲಡ್ಡಾಗಿತ್ತು. ಗಾರೆ ಹುಡಿಹುಡಿಯಾಗಿ ಜಾರುತ್ತಿತ್ತು.

"ಅಮ್ಮಾ, ನೀವು ಆಚೆ ಹೋಗಿ! ಬಾಗಿಲ ಹತ್ರ ಬರ್ಬೇಡಿ!" ಎಂದು ಜಿಯಾ ಕೂಗಿದ.

ನನಗೆ ಏನಾಯಿತೋ ಗೊತ್ತಿಲ್ಲ. ಕೌಸಲ್ಯಾ ಎಣಿಸುತ್ತಿದ್ದ ದಿನಗಳು, ಅವಳು ಗೋಡೆಗೊರಗಿ ಕಳೆದ ರಾತ್ರಿಗಳು, ಎಲ್ಲ ಒಟ್ಟಿಗೆ ನೆತ್ತಿಗೇರಿದವು.

"ಏನ್ರೀ ಮೇಷ್ಟ್ರೇ ಇದು?" ಎಂದೆ. "ದೇವರನ್ನ ಮುಂದಿಟ್ಕೊಂಡು ಮೋಸ ಮಾಡಿದ್ರಾ? ನನ್ನ ಹೆಂಡ್ತಿ ಪರಿಸ್ಥಿತಿ ನಿಮ್ಮೆದುರಿಗೇ ಕೂತು ಹೇಳಿರ್ಲಿಲ್ವಾ ನಾನು? ಮೈಮೇಲೆ ವಿಭೂತಿ ಬೇರೆ!"

ಕೊನೆಯ ಮಾತು ಆಡಬಾರದಿತ್ತು. ಮೇಷ್ಟ್ರು ನನ್ನ ಕಡೆ ನೋಡಲೂ ಇಲ್ಲ. ಗೋಡೆಯ ಹತ್ತಿರ ಹೋಗಿ ಬೆರಳಿಟ್ಟರು. ಬೆರಳು ಕಪ್ಪಾಯಿತು. ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಮೂವತ್ತೆರಡು ವರ್ಷ ಆತು ಈ ಮಂಟಪ ನಿಲ್ಲಿಸಿ," ಎಂದರು ಮೆಲ್ಲಗೆ. "ಒಂದ್ಸಲಾನೂ ಸರಿಸಿಲ್ಲ. ದೇವರನ್ನ ಅಲುಗಾಡಿಸಬಾರದು ಅಂತಿದ್ಲು ನೀಲಾ." ಆಮೇಲೆ ಜಿಯಾನ ಕಡೆ ತಿರುಗಿದರು. "ಅವತ್ತೇ ಕೇಳಿದ್ರೆ ಬಿಚ್ಚಿಸಿ ತೋರಿಸ್ತಿದ್ನಲ್ಲಪ್ಪ. ಮನೆಯೆಲ್ಲಾ ನೋಡಿದೋರು ನೀವು, ಇಲ್ಲಿ ಯಾಕೆ ಬಾಗಿಲಲ್ಲೇ ನಿಂತ್ರಿ?"

ಜಿಯಾ ನೆಲ ನೋಡಿದ. ನನ್ನ ಕಡೆ ಬೆರಳು ಮಾಡಬಹುದಿತ್ತು, ಮಾಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಮೋಸ ಎಂದು ಅಷ್ಟು ದೊಡ್ಡ ಗಂಟಲಲ್ಲಿ ಕೂಗಿದವನಿಗೆ ತಪ್ಪು ನನ್ನದು ಎಂದು ಸಣ್ಣ ದನಿಯಲ್ಲಿ ಹೇಳಲೂ ಆಗಲಿಲ್ಲ.

ಮೇಷ್ಟ್ರು ಇನ್ನೂ ಬೆರಳನ್ನೇ ನೋಡುತ್ತಿದ್ದರು.

"ಶೇಷಗಿರಿಯವರೇ, ಈ ತಾಯಿಗೆ ಮೊದ್ಲು ಒಣಕೆಮ್ಮು ಬಂತು ಅಂದಿದ್ರಿ ಅಲ್ಲಾ? ಆಮೇಲೆ ಮೆಟ್ಟಿಲು ಹತ್ತೋಕೆ ಆಗ್ತಿರ್ಲಿಲ್ಲ ಅಂತ. ಡಾಕ್ಟ್ರು ಅದು ಬೂಷ್ಟಿನಿಂದ ಅಂದ್ರು ಅಂತ."

ನಾನು ಹೂಂ ಎಂದೆ. ಆ ಹೂಂ ಎಲ್ಲಿಗೆ ಒಯ್ಯುತ್ತದೆಂದು ನನಗಿನ್ನೂ ಹೊಳೆದಿರಲಿಲ್ಲ. ಬಾಗಿಲಾಚೆ ನಿಂತಿದ್ದ ಕೌಸಲ್ಯಾಳಿಗೆ ಹೊಳೆದಿತ್ತು.

"ನೀಲಾಗೂ ಹಂಗೇ," ಎಂದರು ಮೇಷ್ಟ್ರು. "ಒಣಕೆಮ್ಮು. ಧೂಳು ಅಂದ್ರು, ವಯಸ್ಸು ಅಂದ್ರು. ನಾಲ್ಕು ವರ್ಷ ಕೆಮ್ಮಿದ್ಲು. ದಿನಾ ಬೆಳಿಗ್ಗೆ ಎರಡು ತಾಸು ಇಲ್ಲೇ ಕೂತು ಪೂಜೆ ಮಾಡೋಳು. ಕೊನೇ ವರ್ಷ ಕೆಳಗೆ ಕೂರೋಕೆ ಆಗ್ತಿರ್ಲಿಲ್ಲ. ನಾನೇ ಕುರ್ಚಿ ತಂದು ಹಾಕಿದೆ. ಹೊರಗೆ ಸೆಕೆ, ರಸ್ತೆ ಗಲಾಟೆ, ಇಲ್ಲಾದ್ರೆ ತಂಪಾಗಿರ್ತದೆ ಅಂತ ದಿನವೆಲ್ಲ ಇಲ್ಲೇ ಕೂರಿಸ್ತಿದ್ದೆ. ಬಾಗಿಲು ಮುಂದಕ್ಕೆ ಹಾಕ್ತಿದ್ದೆ. ನಾನೇ ಕೈಯಾರ..."

ಟೆಂಪೋದವರಿಬ್ಬರೂ ಮಂಟಪವನ್ನು ಎತ್ತಿಕೊಂಡು ಸದ್ದಿಲ್ಲದೆ ಹೊರಗೆ ಹೋದರು. ಮೇಷ್ಟ್ರು ಜಿಯಾನ ತೋಳು ಹಿಡಿದುಕೊಂಡರು.

"ನೀವು ಗೋಡೆ ಬಲ್ಲೋರು. ಹೇಳಿಬಿಡ್ರಿ. ಇದು ಎಷ್ಟು ವರ್ಷದ್ದು?"

ಜಿಯಾ ಬಗ್ಗಿ ಗಾರೆಯನ್ನು ಉಗುರಿನಿಂದ ಕೆರೆದು ನೋಡಿದ. ಅಷ್ಟರಲ್ಲಿ ಕೌಸಲ್ಯಾ ಒಳಗೆ ಬಂದಿದ್ದಳು. ಸೆರಗನ್ನು ಮೂಗಿಗೆ ಅಡ್ಡ ಹಿಡಿದಿರಲಿಲ್ಲ. ನೇರವಾಗಿ ಬಂದು ಆ ಗೋಡೆಯ ಮುಂದೆ, ಮೇಷ್ಟ್ರ ಪಕ್ಕದಲ್ಲಿ ನಿಂತಳು.

"ಈ ಮಳೆಗಾಲದ್ದು ಮೇಷ್ಟ್ರೇ ಇದು," ಎಂದಳು. "ಹನ್ನೊಂದು ವರ್ಷ ಬೂಷ್ಟಿನ ಜೊತೆ ಸಂಸಾರ ಮಾಡಿದೀನಿ, ನನಗೆ ಗೊತ್ತಾಗಲ್ವಾ? ಹಳೇದಾಗಿದ್ರೆ ನನಗೆ ಬಾಗಿಲಲ್ಲೇ ಕೆಮ್ಮು ಬಂದುಬಿಡ್ತಿತ್ತು. ನೋಡಿ, ನಿಂತಿದೀನಲ್ಲ. ಏನಾದ್ರೂ ಆಯ್ತಾ?"

"ತಾಯಿ, ನೀವು ಇಲ್ಲಿ..."

"ಏನೂ ಆಗಲ್ಲ ಅಂದ್ನಲ್ಲ. ನಿಮ್ಮ ಮನೆಯವರಿಗೆ ಬಂದಿದ್ದು ಬೇರೆ ಕಾಯಿಲೆ. ಕೆಮ್ಮು ಅಂದ್ರೆ ಎಲ್ಲರದ್ದೂ ಒಂದೇನಾ? ಕುರ್ಚಿ ಹಾಕಿಕೊಟ್ರಿ, ಪಕ್ಕದಲ್ಲಿ ಕೂತ್ರಿ. ಎಷ್ಟು ಜನ ಗಂಡಸರು ಮಾಡ್ತಾರೆ ಹೇಳಿ."

ಜಿಯಾ ಆಗ ಬಾಯಿ ಬಿಟ್ಟ. "ಅಮ್ಮ ಹೇಳೋದು ಸರಿ ಮೇಷ್ಟ್ರೇ. ಈ ಸಲ ಮಳೆ ಜೋರಲ್ವಾ, ಸಂಪಿನ ಗೋಡೆ ಈಗ ಬಿರುಕು ಬಿಟ್ಟಿದೆ. ಎರಡ್ ತಿಂಗಳದ್ದು. ಅದಕ್ಕಿಂತ ಹಳೇದಲ್ಲ." ಗಾರೆಯ ಮೇಲೆ ಪದರ ಪದರವಾಗಿ ಕಟ್ಟಿದ್ದ ಉಪ್ಪು ನನಗೇ ಕಾಣುತ್ತಿತ್ತು. ಹತ್ತು ಹದಿನೈದು ವರ್ಷಕ್ಕೆ ಕಡಿಮೆಯಿಲ್ಲದ ಗೋಡೆ ಅದು.

ಕೌಸಲ್ಯಾ ಅಲ್ಲಿಂದ ಕದಲಲಿಲ್ಲ. ನೀಲಮ್ಮನವರು ಯಾವ ಕಡೆ ಮುಖ ಮಾಡಿ ಕೂರುತ್ತಿದ್ದರು ಎಂದು ಕೇಳಿದಳು. ಹೂವು ಎಲ್ಲಿಂದ ತರಿಸುತ್ತಿದ್ದರು ಎಂದು ಕೇಳಿದಳು. ಮೇಷ್ಟ್ರು ಮೊದಲು ತಡವರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಹೇಳತೊಡಗಿದರು. ನಾನು ಅವಳ ಕತ್ತಿನ ಬುಡವನ್ನೇ ನೋಡುತ್ತಿದ್ದೆ. ಪ್ರತಿ ಉಸಿರಿಗೂ ಅಲ್ಲಿಯ ಗುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಅವಳು ಕೈಬೆರಳುಗಳನ್ನು ಸೆರಗಿನೊಳಗೆ ಮುಷ್ಟಿ ಕಟ್ಟಿಕೊಂಡಿದ್ದಳು. ರಟ್ಟೆ ಹಿಡಿದು ಹೊರಗೆಳೆಯಬೇಕೆಂದು ನನಗೆ ಅನ್ನಿಸಿತು. ಎಳೆದರೆ ಅವಳ ಮಾತು ಸುಳ್ಳಾಗುತ್ತಿತ್ತು, ಆ ಮುದುಕರು ಆ ಕುರ್ಚಿಯನ್ನು ಎದೆಯ ಮೇಲೆ ಹೊತ್ತುಕೊಂಡು ದಾವಣಗೆರೆಗೆ ಹೋಗುತ್ತಿದ್ದರು. ನನಗೆ ಆ ಮುದುಕರು ಬೇಕಾಗಿರಲಿಲ್ಲ, ನನ್ನ ಹೆಂಡತಿ ಬೇಕಾಗಿತ್ತು. ಆದರೂ ಸುಮ್ಮನೆ ನಿಂತೆ. ಆರೇಳು ನಿಮಿಷ. ಅದಕ್ಕಾಗಿ ನನ್ನನ್ನು ನಾನಿನ್ನೂ ಕ್ಷಮಿಸಿಕೊಂಡಿಲ್ಲ.

"ಕೋಪದಲ್ಲಿ ಏನೇನೋ ಅಂದೆ ಮೇಷ್ಟ್ರೇ," ಎಂದೆ ಕೊನೆಗೆ. "ಮನಸ್ಸಿಗೆ ಹಚ್ಕೋಬೇಡಿ. ಹೊರಗೆ ಬನ್ನಿ, ಹೊತ್ತಾಗ್ತಿದೆ."

ಮೇಷ್ಟ್ರು ಹೊರಡುವಾಗ ಕೌಸಲ್ಯಾ ಊಟದ ಡಬ್ಬಿ ಕೊಟ್ಟು, ಕಾಲಿಗೆ ನಮಸ್ಕರಿಸಿದಳು. ಬಗ್ಗಿದವಳು ಏಳುವಾಗ ಗೇಟು ಹಿಡಿದುಕೊಂಡಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕೈಬೀಸಿದಳು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಲ್ಲಿಯವರೆಗೆ ತಡೆದಿಟ್ಟಿದ್ದ ಕೆಮ್ಮು ಶುರುವಾಯಿತು. ಜಿಯಾ ಅವಳ ಕೈಚೀಲದಿಂದ ಇನ್‌ಹೇಲರ್ ತೆಗೆದು ಕೊಟ್ಟ. ಎದುರು ಅಪಾರ್ಟ್‌ಮೆಂಟಿನ ಕಾವಲುಗಾರ ನೀರು ತಂದ. ನಾನು ಅವಳ ಬೆನ್ನು ನೀವುತ್ತಾ ಬೈಯುತ್ತಲೇ ಇದ್ದೆ.

"ಯಾಕೆ ಹೋದೆ ಒಳಗೆ? ಹೊರಗಿಂದ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಹೊರಗಿಂದ ಹೇಳಿದ್ರೆ ನಂಬ್ತಿದ್ರಾ?" ಎಂದಳು, ಎರಡು ಕೆಮ್ಮಿನ ನಡುವೆ.

ಸಂಜೆ ಐದಕ್ಕೆ ಜ್ವರ ಬಂತು, ಏಳಕ್ಕೆ ತುಟಿ ನೀಲಿಯಾಯಿತು. ಹೆಬ್ಬಾಳದ ಅದೇ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ನಡೆದದ್ದನ್ನು ಕೇಳಿ ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಪರೀಕ್ಷಿಸಿದರು. ಆಮೇಲೆ, "ಈ ಸಲ ಪಾರಾಗ್ತಾರೆ. ಮನೆಗೆ ಹೋಗುವಾಗ ಆಕ್ಸಿಜನ್ ಮೆಷಿನ್ ಜೊತೇಲೇ ಹೋಗ್ಬೇಕಾಗುತ್ತೆ," ಎಂದರು. ಮೂರು ತಿಂಗಳು ನಾನು ಯಾವುದನ್ನು ತಪ್ಪಿಸಲು ಹತ್ತೊಂಬತ್ತು ಮನೆ ಮೂಸಿದೆನೋ ಅದನ್ನು ಅವಳು ಆರೇಳು ನಿಮಿಷದಲ್ಲಿ ಕೊಟ್ಟುಬಿಟ್ಟಿದ್ದಳು. ಜಿಯಾ ನನ್ನ ಮಾತಿಗೆ ಕಾಯದೆ ಜಕ್ಕೂರಿಗೆ ಹೋಗಿ ಸಂಪು ಖಾಲಿ ಮಾಡಿಸಿ, ಆ ಗೋಡೆಯ ಗಾರೆಯನ್ನೆಲ್ಲ ಇಟ್ಟಿಗೆ ಕಾಣುವವರೆಗೆ ಕೆತ್ತಲು ಶುರುಮಾಡಿದ್ದ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಮೇಷ್ಟ್ರ ಫೋನು ಬಂತು. ನಾನು ಕೌಸಲ್ಯಾಳ ಮಂಚದ ಪಕ್ಕದಲ್ಲಿದ್ದೆ. ಅವಳ ಮೂಗು ಬಾಯಿಗೆ ಮಾಸ್ಕ್ ಹಾಕಿತ್ತು. ನನ್ನ ಮುಖ ನೋಡಿಯೇ ಯಾರ ಫೋನೆಂದು ಅವಳಿಗೆ ಗೊತ್ತಾಯಿತು.

"ರಾತ್ರಿ ನಿದ್ದೆ ಬರ್ಲಿಲ್ಲ ಶೇಷಗಿರಿಯವರೇ," ಎಂದರು ಮೇಷ್ಟ್ರು. "ಒಂದೇ ಒಂದು ಮಾತು ಹೇಳ್ರಿ, ಆಮೇಲೆ ಕೇಳಲ್ಲ. ತಾಯಿ ಅಷ್ಟು ಹೊತ್ತು ಅಲ್ಲಿ ನಿಂತಿದ್ರು. ಅವರಿಗೆ ಏನಾದ್ರೂ ಆತಾ? ಅವರಿಗೆ ಏನೂ ಆಗಿಲ್ಲ ಅಂದ್ರೆ ನೀಲಾಗೂ ಅಲ್ಲಿಂದ ಬಂದಿದ್ದಲ್ಲ ಅಂತ ನಾನು ನಂಬ್ತೀನಿ."

ಸಿಟ್ಟಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿಬಿಡಬೇಕೆನ್ನಿಸಿತು. ಕೌಸಲ್ಯಾ ನನ್ನನ್ನೇ ನೋಡುತ್ತಿದ್ದಳು.

"ಏನೂ ಆಗಿಲ್ಲ ಮೇಷ್ಟ್ರೇ," ಎಂದೆ. "ಆರಾಮಾಗಿದ್ದಾಳೆ. ಅಡುಗೆಮನೇಲಿದ್ದಾಳೆ."

"ಒಂದು ಸಲ ಫೋನ್ ಕೊಡ್ತೀರಾ? ಅವರ ದನಿ ಕೇಳಿದ್ರೆ ಸಾಕು."

ಆ ಕಡೆಯ ಮಾತು ಅವಳಿಗೆ ಕೇಳಿಸಿತ್ತೆಂದು ಕಾಣುತ್ತದೆ, ಕೈ ಚಾಚಿದಳು. ಬೇಡ ಎಂದು ತಲೆಯಾಡಿಸಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಾಸ್ಕನ್ನು ಗಲ್ಲದವರೆಗೆ ಇಳಿಸಿ, ಕಣ್ಣು ಮುಚ್ಚಿ, ಇದ್ದಷ್ಟು ಉಸಿರನ್ನು ಒಟ್ಟುಮಾಡಿಕೊಂಡಳು.

"ತಿಂಡಿ ಆಯ್ತಾ ಮೇಷ್ಟ್ರೇ?" ಎಂದಳು, ಒಂದು ಚೂರೂ ಅಲುಗದ ದನಿಯಲ್ಲಿ.

ಅಷ್ಟಕ್ಕೆ ಅವಳ ಉಸಿರು ಮುಗಿಯಿತು. ನಾನು ಫೋನು ಕಿತ್ತುಕೊಂಡು, ಒಲೆಯ ಮೇಲೆ ಹಾಲಿದೆ, ಆಮೇಲೆ ಮಾತಾಡುತ್ತಾಳೆ ಎಂದೆ. ಆ ಕಡೆ ಮೇಷ್ಟ್ರು "ಸಾಕು, ಸಾಕು ಬಿಡ್ರಿ" ಎಂದು ಅಳತೊಡಗಿದರು. ಅವರು ಅತ್ತು ಮುಗಿಸುವವರೆಗೆ ನಾನು ಒಂದು ಕೈಯಲ್ಲಿ ಫೋನನ್ನು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಅವಳ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ನಿಂತಿದ್ದೆ.